ಮಂಡಿಯೊಳಗೆ ಯಿಟ್ರಿಯಂ: ಕಾರ್ಟಿಲೇಜಿಗೆ ಬಿದ್ದದ್ದು ಎಷ್ಟು ಗ್ರೇ?

26 ವರ್ಷದ ಯುವಕ. ಊರು ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಅಳಿವೆಯ ಹತ್ತಿರ. ಹುಟ್ಟಿನಿಂದ ತೀವ್ರ ಹಿಮೋಫಿಲಿಯಾ ‘ಎ’, ಅಂದರೆ ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8 ಶೇಕಡಾ ಒಂದಕ್ಕಿಂತ ಕಡಿಮೆ. ಬಲ ಮಂಡಿಯಲ್ಲಿ ಮತ್ತೆ ಮತ್ತೆ ರಕ್ತ ತುಂಬಿಕೊಳ್ಳುತ್ತಿತ್ತು. ಮಂಡಿಯೊಳಗೆ ವಿಕಿರಣ ಸೂಸುವ ಯಿಟ್ರಿಯಂ-90 ಚುಚ್ಚಿ ಒಳಪೊರೆಯನ್ನು ಒಣಗಿಸಬಹುದು ಅಂತ ಡಾಕ್ಟರು ಹೇಳಿದ್ದರು. ಹಾಗೆ ಮಾಡಿದರೆ ಪಕ್ಕದಲ್ಲೇ ಇರುವ ಕಾರ್ಟಿಲೇಜ್ (ಮೂಳೆಯ ತುದಿಯ ನುಣುಪಾದ ಮೃದ್ವಸ್ಥಿ) ಸುಟ್ಟು ಹೋಗೋದಿಲ್ವಾ ಅಂತ ಮನೆಯವರು ಕೇಳಿದರು. ಇದಕ್ಕೆ ಅಂಕಿಯಲ್ಲಿ ಉತ್ತರ ಕೊಡುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಡಾಕ್ಟರ್ ಅಲ್ಲ, ಮೆಡಿಕಲ್ ಫಿಸಿಸಿಸ್ಟ್, ಅಂದರೆ ಚಿಕಿತ್ಸೆಯ ವಿಕಿರಣದ ಲೆಕ್ಕ ಹಾಕುವವನು. ಅಂಕೋಲೆಯವನು, ಕೆಲಸ ಬೇರೆ ಊರಿನ ಆಸ್ಪತ್ರೆಯಲ್ಲಿ. ನಮ್ಮ ಕರಾವಳಿಯವರು ಇಂಥ ಚಿಕಿತ್ಸೆಗೆ ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾ ಅಂತ ಓಡಾಡುವುದು ಹೊಸದಲ್ಲ. ರೋಗಿಯ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಮಂಡಿಯ ಸ್ಥಿತಿ

ಒಂದೇ ಕೀಲಿನಲ್ಲಿ ಆರು ತಿಂಗಳೊಳಗೆ ಮೂರು ಅಥವಾ ಹೆಚ್ಚು ಸಲ ತಾನಾಗಿ ರಕ್ತ ಸೋರಿದರೆ ಅದನ್ನು ಟಾರ್ಗೆಟ್ ಜಾಯಿಂಟ್ ಅನ್ನುತ್ತಾರೆ. ಈ ಹುಡುಗನಿಗೆ ತಿಂಗಳಿಗೆ ಒಂದೆರಡು ಸಲ ಆಗುತ್ತಿತ್ತು. ಕುಮಟೆಯ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸ. ಬಸ್ಸಿನ ಮೆಟ್ಟಿಲು ಹತ್ತುವಾಗ ಮಂಡಿ ಬಿಸಿಯಾದಂತೆ, ಒಳಗೆ ಏನೋ ಜುಮ್ ಅಂದಂತೆ ಆದರೆ ಅವನಿಗೆ ಗೊತ್ತಾಗಿಬಿಡುತ್ತಿತ್ತು. ಸಂಜೆ ಹೊತ್ತಿಗೆ ಮಂಡಿ ಊದಿ ಗಟ್ಟಿಯಾಗುತ್ತಿತ್ತು. ಫ್ಯಾಕ್ಟರ್ ಚುಚ್ಚಿಸಿಕೊಂಡು ಎರಡು ಮೂರು ದಿನ ಮಲಗಿದರೆ ಇಳಿಯುತ್ತಿತ್ತು. ಆಮೇಲೆ ಮತ್ತೆ ಅದೇ ಕಥೆ.

ಯಾಕೆ ಮತ್ತೆ ಮತ್ತೆ ಒಂದೇ ಕೀಲಿನಲ್ಲಿ? ಕೀಲಿಗೆ ಒಂದು ತೆಳು ಒಳಪೊರೆ ಇರುತ್ತದೆ. ಸೋರಿದ ರಕ್ತವನ್ನು ಗುಡಿಸಿ ತೆಗೆಯುವುದು ಅದರ ಕೆಲಸ. ರಕ್ತದ ಕಬ್ಬಿಣ ಅಲ್ಲೇ ಜಮೆಯಾಗುತ್ತಾ ಹೋದಂತೆ ಪೊರೆ ಕೆರಳಿ ದಪ್ಪವಾಗುತ್ತದೆ, ಅದರಲ್ಲಿ ಹೊಸ ರಕ್ತನಾಳಗಳು ಹುಟ್ಟುತ್ತವೆ. ಆ ನಾಳಗಳು ಸುಲಭವಾಗಿ ಒಡೆಯುತ್ತವೆ. ಹಾಗಾಗಿ ಇನ್ನಷ್ಟು ರಕ್ತ.

ಎಂಆರ್‌ಐಯಲ್ಲಿ ಕಂಡದ್ದು ಇದು. ಮಂಡಿಚಿಪ್ಪಿನ ಮೇಲಿನ ಚೀಲದಲ್ಲಿ ಒಳಪೊರೆ 4ರಿಂದ 5 ಮಿ.ಮೀ. ದಪ್ಪ, ತುಂಬ ಕಬ್ಬಿಣದ ಕಪ್ಪು ಕಲೆ. ತೊಡೆಮೂಳೆಯ ತುದಿಯ ಕಾರ್ಟಿಲೇಜ್ ಸುಮಾರು 2 ಮಿ.ಮೀ., ಒಳಬದಿಯಲ್ಲಿ ಸ್ವಲ್ಪ ಸವೆದಿದೆ. ಮಂಡಿಚಿಪ್ಪಿನ ಹಿಂದೆ 3 ಮಿ.ಮೀ. ಮೂಳೆಯಲ್ಲಿ ದೊಡ್ಡ ಗುಳಿ ಇಲ್ಲ. ಮಂಡಿಯ ಹಿಂಭಾಗದಲ್ಲಿ ಒಡೆದ ಚೀಲವೂ ಇಲ್ಲ. ಇದ್ದಿದ್ದರೆ ಔಷಧ ಕಾಲಿನೊಳಗೆ ಸೋರುವ ಅಪಾಯವಿರುತ್ತಿತ್ತು, ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಒಟ್ಟಿನಲ್ಲಿ, ಉಳಿಸಿಕೊಳ್ಳಲು ಕಾರ್ಟಿಲೇಜ್ ಇನ್ನೂ ಇತ್ತು. ಇದನ್ನು ಒತ್ತಿ ಹೇಳುತ್ತೇನೆ. ಕಾರ್ಟಿಲೇಜ್ ಪೂರ್ತಿ ಸವೆದು ಮೂಳೆಗೆ ಮೂಳೆ ತಾಗುತ್ತಿರುವ ಮಂಡಿಯಲ್ಲಿ ‘ಕಾರ್ಟಿಲೇಜಿಗೆ ಎಷ್ಟು ಡೋಸ್’ ಅನ್ನೋ ಪ್ರಶ್ನೆಯೇ ಏಳೋದಿಲ್ಲ. ಅಂಥ ಮಂಡಿಗೆ ಈ ಚಿಕಿತ್ಸೆಯಿಂದ ಲಾಭವೂ ಕಡಿಮೆ.

ಚಿಕಿತ್ಸೆ ಹೊಸದೇನಲ್ಲ. 1952ರಲ್ಲೇ ಫೆಲಿಂಗರ್ ಮತ್ತು ಷ್ಮಿಡ್ ಅನ್ನುವವರು ಚಿನ್ನ-198 ಬಳಸಿ ಮಂಡಿಗೆ ಕೊಟ್ಟಿದ್ದರು. ವಿಕಿರಣ ಸೂಸುವ ಅತಿ ಸಣ್ಣ ಕಣಗಳನ್ನು ಕೀಲಿನೊಳಗೆ ಬಿಡುವುದು, ಒಳಪೊರೆಯ ಜೀವಕೋಶಗಳು ಅವನ್ನು ಕಸ ಅಂದುಕೊಂಡು ನುಂಗುವುದು, ನುಂಗಿದ ಪೊರೆ ಒಳಗಿನಿಂದಲೇ ಬತ್ತುವುದು. ಕಣ ತೀರ ಸಣ್ಣದಾದರೆ ಕೀಲಿನಿಂದ ಸೋರಿಹೋಗುತ್ತದೆ, ತೀರ ದೊಡ್ಡದಾದರೆ ಜೀವಕೋಶ ನುಂಗುವುದಿಲ್ಲ. ಎರಡರಿಂದ ಹತ್ತು ಮೈಕ್ರಾನ್ ಇದ್ದರೆ ಸರಿ. ಇದರಲ್ಲಿ ಕಾರ್ಟಿಲೇಜಿನ ಪಾತ್ರ ಏನೂ ಇಲ್ಲ. ಅದು ಕಣಗಳನ್ನು ನುಂಗುವುದಿಲ್ಲ, ಎದುರುಮನೆಯಲ್ಲಿ ಇರುತ್ತದೆ ಅಷ್ಟೆ.

ಕೈಗಾದ ಮಾವ ಕೇಳಿದ್ದು

ಮನೆಯವರ ಜೊತೆ ಹುಡುಗನ ಸೋದರಮಾವ ಬಂದಿದ್ದರು. ಅವರಿಗೆ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ನಿರ್ವಹಣೆ ಕೆಲಸ. ಅಲ್ಲಿನ 220 ಮೆಗಾವ್ಯಾಟಿನ ನಾಲ್ಕು ಘಟಕಗಳಲ್ಲಿ ಮೊದಲನೆಯದು 2018ರ ಡಿಸೆಂಬರ್ ತನಕ 962 ದಿನ ನಿಲ್ಲದೆ ಓಡಿ ಜಾಗತಿಕ ದಾಖಲೆ ಮಾಡಿದ್ದನ್ನು ಕೇಳದೆಯೇ ಹೇಳಿದರು. ಎದೆಗೆ ಟಿಎಲ್‌ಡಿ ಬ್ಯಾಡ್ಜ್ (ಮೈಗೆ ಬಿದ್ದ ವಿಕಿರಣ ಅಳೆಯುವ ಬಿಲ್ಲೆ) ಹಾಕಿಕೊಂಡು ವರ್ಷಗಟ್ಟಲೆ ಕೆಲಸ ಮಾಡಿದವರು. ವಿಕಿರಣ ಅಂದರೆ ಹೆದರುವವರೂ ಅಲ್ಲ, ಹಗುರವಾಗಿ ತೆಗೆದುಕೊಳ್ಳುವವರೂ ಅಲ್ಲ. ನಿಜ ಹೇಳಬೇಕೆಂದರೆ ಇಂಥವರ ಎದುರು ಕೂತು ಮಾತಾಡುವುದು ನನಗೆ ಇಷ್ಟ, ಕಷ್ಟವೂ ಹೌದು.

ನಾನು ‘ಕಾರ್ಟಿಲೇಜಿನ ಮೇಲ್ಪದರಕ್ಕೆ ಹೆಚ್ಚೆಂದರೆ ಸುಮಾರು 90 ಗ್ರೇ’ ಅಂದೆ. ಅವರು ಒಂದು ಕ್ಷಣ ಸುಮ್ಮನಾದರು.

“ಸರ್, ನಮಗೆ ಮಿತಿ ವರ್ಷಕ್ಕೆ ಸರಾಸರಿ 20 ಮಿಲಿಸೀವರ್ಟ್. ಕೈಗೆ, ಕಾಲಿಗೆ ಅಂದ್ರೂ 500. ನೀವು ಹೇಳೋದು 90 ಸಾವಿರ ಮಿಲಿ ಆಯ್ತಲ್ಲ?”

ಅವರ ಲೆಕ್ಕ ಸರಿಯಾಗಿಯೇ ಇತ್ತು. ಯಿಟ್ರಿಯಂ ಸೂಸುವ ಬೀಟಾ ಕಿರಣಕ್ಕೆ ಒಂದು ಗ್ರೇ ಅಂದರೆ ಆ ಜಾಗದ ಅಂಗಾಂಶಕ್ಕೆ ಒಂದು ಸೀವರ್ಟ್. 90 ಸಾವಿರ ಮಿಲಿಸೀವರ್ಟ್ ಅನ್ನೋದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಆದರೆ ಅವರ 20 ಮಿಲಿಸೀವರ್ಟ್ ಇಡೀ ಮೈಗೆ ಸಂಬಂಧಿಸಿದ್ದು, ನನ್ನ 90 ಗ್ರೇ ಒಂದು ಮಿ.ಮೀ. ದಪ್ಪದ ಪದರಕ್ಕೆ ಸಂಬಂಧಿಸಿದ್ದು. ಗ್ರೇ ಅಂದರೆ ಪ್ರತಿ ಕಿಲೋಗೆ ಎಷ್ಟು ಜೂಲ್ ಶಕ್ತಿ ಅಂತ. ಕಿಲೋ ಎಷ್ಟು ಅನ್ನೋದನ್ನು ಬಿಟ್ಟು ಬರೀ ಗ್ರೇ ಹೇಳಿದರೆ ಕೇಳಿದವರಿಗೆ ಗಾಬರಿಯಾಗುವುದು ಸಹಜ.

ಅದಕ್ಕೆ ಅವರಿಗೆ ಮೊದಲು ಜೂಲ್ ಲೆಕ್ಕವನ್ನೇ ತೋರಿಸಿದೆ. ಕೊಡುವ ಔಷಧ 185 ಮೆಗಾಬೆಕೆರೆಲ್, ಅಂದರೆ ಶುರುವಿನಲ್ಲಿ ಸೆಕೆಂಡಿಗೆ 18.5 ಕೋಟಿ ಪರಮಾಣು ಒಡೆಯುವಷ್ಟು, ಹಳಬರ ಭಾಷೆಯಲ್ಲಿ 5 ಮಿಲಿಕ್ಯೂರಿ. ಯಿಟ್ರಿಯಂ-90ರ ಅರ್ಧಾಯುಷ್ಯ 64.1 ಗಂಟೆ. ಪೂರ್ತಿ ಮುಗಿಯುವ ತನಕ ಒಡೆಯುವ ಪರಮಾಣುಗಳು ಸುಮಾರು 62ರ ಮುಂದೆ 12 ಸೊನ್ನೆಯ ಲೆಕ್ಕ, ಅಂದರೆ 62 ಲಕ್ಷ ಕೋಟಿ. ಒಂದೊಂದು ಬೀಟಾದ ಸರಾಸರಿ ಶಕ್ತಿ 0.93 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಗುಣಿಸಿದರೆ ಒಟ್ಟು 9.2 ಜೂಲ್. ಒಂದು ಕಿಲೋ ಅಕ್ಕಿಯನ್ನು ನೆಲದಿಂದ ಸೊಂಟದವರೆಗೆ ಎತ್ತಿದರೆ ಆಗುವ ಖರ್ಚು.

60 ಕಿಲೋ ತೂಕದ ಮನುಷ್ಯನಿಗೆ ಜೀವಕ್ಕೇ ಕುತ್ತಾಗುವ 4 ಗ್ರೇ ಇಡೀ ಮೈಗೆ ಬಿತ್ತು ಅಂದುಕೊಳ್ಳಿ. ಅದು 240 ಜೂಲ್. ಇಲ್ಲಿ ಒಟ್ಟು 9.2, ಅದೂ ಮಂಡಿಯೊಳಗೇ. ಎಲ್ಲಿ ಬೀಳುತ್ತದೆ ಅನ್ನೋದೇ ಇಲ್ಲಿ ಮುಖ್ಯ. ಯಿಟ್ರಿಯಂ ಬೀಟಾ ಮೈಯೊಳಗೆ ಹೆಚ್ಚೆಂದರೆ 11 ಮಿ.ಮೀ. ಹೋಗುತ್ತದೆ, ಬಹುಪಾಲು ಶಕ್ತಿ ಮೊದಲ ನಾಲ್ಕೈದು ಮಿ.ಮೀ.ನಲ್ಲೇ ಖಾಲಿ. ಇನ್ನೊಂದು ಮಾತು: 20 ಮಿಲಿಸೀವರ್ಟ್ ಮಿತಿ ಕೆಲಸಗಾರರಿಗೆ. ಆ ಡೋಸಿನಿಂದ ಅವರಿಗೆ ಯಾವ ಲಾಭವೂ ಇಲ್ಲ ಅನ್ನೋ ಕಾರಣಕ್ಕೆ ಇಟ್ಟದ್ದು. ಚಿಕಿತ್ಸೆಗೆ ಅಂಥ ಮಿತಿ ಇಲ್ಲ. ಥೈರಾಯ್ಡ್ ಕ್ಯಾನ್ಸರಿಗೆ ಅಯೋಡಿನ್-131 ಕೊಡುವಾಗ ಉಳಿದ ಥೈರಾಯ್ಡ್ ಚೂರಿಗೆ ನೂರಾರು ಗ್ರೇ ಬೀಳಬೇಕು ಅಂತಲೇ ಕೊಡುತ್ತಾರೆ.

ಮಾವ ತಲೆಯಾಡಿಸಿದರು. ಒಪ್ಪಿದರು ಅಂತಲ್ಲ, ಮುಂದಿನ ಪ್ರಶ್ನೆ ತಯಾರಾಗಿದೆ ಅಂತ. “ಸರಿ. 90 ಎಲ್ಲಿಂದ ಬಂತು?”

90ರ ಲೆಕ್ಕ

ಲೆಕ್ಕದಲ್ಲಿ ಒಂದು ಊಹೆ ಇದೆ, ಅದನ್ನು ಮೊದಲೇ ಹೇಳಿಬಿಡಬೇಕು. ಮಂಡಿಯ ಒಳಪೊರೆಯ ವಿಸ್ತೀರ್ಣ 250 ಚದರ ಸೆಂ.ಮೀ. ಅಂತ ಇಟ್ಟುಕೊಂಡೆ. ಔಷಧ ಇಡೀ ಪೊರೆಗೆ ಸಮನಾಗಿ ಬಳಿದುಕೊಂಡಿದೆ ಅಂತಲೂ ಇಟ್ಟುಕೊಂಡೆ. ಆಗ ಪ್ರತಿ ಚದರ ಸೆಂ.ಮೀ.ಗೆ ಬರುವ ಶಕ್ತಿ 0.037 ಜೂಲ್. ಅರ್ಧ ಪೊರೆಯ ಕಡೆಗೆ, ಅರ್ಧ ಎದುರಿನ ಕಾರ್ಟಿಲೇಜ್ ಕಡೆಗೆ.

ಎದುರಿನ ಅರ್ಧ ಪದರ ಪದರವಾಗಿ ಹಂಚಿಹೋಗುತ್ತದೆ. ಕಾರ್ಟಿಲೇಜ್ ಔಷಧಕ್ಕೆ ಅಂಟಿಕೊಂಡೇ ಇದೆ ಅಂದುಕೊಂಡರೆ, ನನ್ನ ಅಂದಾಜಿನಲ್ಲಿ ಮೊದಲ ಮಿ.ಮೀ.ಗೆ 90 ಗ್ರೇ, ಎರಡನೆಯದಕ್ಕೆ 40, ಮೂರನೆಯದಕ್ಕೆ 25, ನಾಲ್ಕನೆಯದಕ್ಕೆ 15. ಬೀಟಾಗಳು ನೇರವಾಗಿ ಮಾತ್ರ ಹೋಗುವುದಿಲ್ಲ, ಬಹಳಷ್ಟು ಓರೆಯಾಗಿ ಹೋಗುತ್ತವೆ. ಅದಕ್ಕೇ ಮೊದಲ ಪದರಕ್ಕೆ ಅಷ್ಟು ಜಾಸ್ತಿ.

ಆದರೆ ಮಂಡಿ ಹೀಗಿರೋದಿಲ್ಲ. ಪೊರೆಗೂ ಕಾರ್ಟಿಲೇಜಿಗೂ ನಡುವೆ ಕೀಲಿನ ದ್ರವ ಇದೆ. ವಿಕಿರಣದ ಮಟ್ಟಿಗೆ ದ್ರವವೂ ಒಂದು ಪದರವೇ. ನಡುವೆ 1 ಮಿ.ಮೀ. ದ್ರವ ಇದ್ದರೆ ಆ 90ನ್ನು ದ್ರವ ನುಂಗಿಕೊಂಡು ಕಾರ್ಟಿಲೇಜಿನ ಮೇಲ್ಪದರಕ್ಕೆ 40 ಉಳಿಯುತ್ತದೆ. 2 ಮಿ.ಮೀ. ಇದ್ದರೆ 25. ಹಾಗಂತ ದ್ರವ ಇರಲಿ ಅಂತ ಬಿಡುವ ಹಾಗಿಲ್ಲ. ಚುಚ್ಚುವ ಮೊದಲು ಊತದ ದ್ರವವನ್ನು ಸಿರಿಂಜಿನಲ್ಲಿ ತೆಗೆಯುತ್ತಾರೆ. ಇಲ್ಲದಿದ್ದರೆ ಔಷಧ ತೆಳುವಾಗಿ ಪೊರೆಗೇ ಸರಿಯಾಗಿ ತಲುಪೋದಿಲ್ಲ. ನಾನು 1 ಮಿ.ಮೀ. ಅಂತಲೇ ಹಿಡಿದೆ.

ಇನ್ನು ಭಾರ ಹೊರುವ ಜಾಗ. ತೊಡೆಮೂಳೆಯ ಕಾರ್ಟಿಲೇಜ್ ಕೆಳಮೂಳೆಯ ಕಾರ್ಟಿಲೇಜಿಗೆ ಎದುರಾಗುವ ಜಾಗ ಅದು. ನಡೆದಾಡಲು ಬೇಕಾದದ್ದು ಮುಖ್ಯವಾಗಿ ಇದೇ. ಅಲ್ಲಿ ಒಳಪೊರೆಯೇ ಇಲ್ಲ. ಎರಡರ ನಡುವೆ ಕೂದಲೆಳೆಯಷ್ಟು ದ್ರವ ಮಾತ್ರ. ಔಷಧ, ಸ್ಟೀರಾಯ್ಡ್, ಉಳಿದ ದ್ರವ ಎಲ್ಲ ಸೇರಿ 10 ಮಿ.ಲೀ. ಅಂತಿಟ್ಟುಕೊಂಡು, ಆ ಎಳೆಯ ದಪ್ಪ ಮಿ.ಮೀ.ನ ಇಪ್ಪತ್ತನೇ ಒಂದು ಭಾಗ ಅಂತಿಟ್ಟುಕೊಂಡರೆ, ಅಲ್ಲಿ ಪ್ರತಿ ಚದರ ಸೆಂ.ಮೀ.ಗೆ ಇರುವ ಔಷಧ ಮೊದಲ ಲೆಕ್ಕದ ಎಂಟನೇ ಒಂದು ಪಾಲು. ಅದೂ ಮೊದಲ ಕೆಲವು ಗಂಟೆ ಮಾತ್ರ. ಪೊರೆ ಕಣಗಳನ್ನು ನುಂಗಿದ ಮೇಲೆ ದ್ರವದಲ್ಲಿ ಉಳಿಯೋದು ಬಹಳ ಕಡಿಮೆ. ಹೀಗೆ ನೋಡಿದರೆ ಭಾರ ಹೊರುವ ಜಾಗದ ನಡುವಿಗೆ ಒಂದೆರಡು ಗ್ರೇ. ಅಂಚುಗಳಿಗೆ ಜಾಸ್ತಿ, ಯಾಕೆಂದರೆ ಅಲ್ಲಿಗೆ ಪೊರೆ ಹತ್ತಿರ.

ನೋಡಿ, ಒಂದೇ ಮಂಡಿ, ಒಂದೇ ಇಂಜೆಕ್ಷನ್. ಕಾರ್ಟಿಲೇಜಿನ ಒಂದು ಜಾಗಕ್ಕೆ ಒಂದೆರಡು ಗ್ರೇ, ಇನ್ನೊಂದು ಜಾಗಕ್ಕೆ 40, ತೀರ ಕೆಟ್ಟ ಲೆಕ್ಕದಲ್ಲಿ 90. ‘ಕಾರ್ಟಿಲೇಜಿಗೆ ಇಷ್ಟು ಡೋಸ್’ ಅಂತ ಒಂದೇ ಅಂಕಿ ಬರೆದ ರಿಪೋರ್ಟ್ ಕಂಡರೆ ನಾನು ಮೊದಲು ಕೇಳೋದು, ಯಾವ ಜಾಗದ ಕಾರ್ಟಿಲೇಜ್ ಮಾರಾಯ್ರೆ ಅಂತ.

ಹತ್ತಿರಕ್ಕೇ ನಿಲ್ಲುವ ಕಿರಣ ಒಳ್ಳೆಯದಲ್ವಾ?

ಇದು ಮಾವನದೇ ಪ್ರಶ್ನೆ. ಅವರ ಅನುಭವಕ್ಕೆ ಸರಿಯಾದದ್ದು: ದೂರ ಹೋಗದ ಕಿರಣ, ಕಡಿಮೆ ಅಪಾಯ.

ನಮ್ಮ ದೇಶದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರು ಹೈಡ್ರಾಕ್ಸಿಅಪಟೈಟ್ ಕಣಗಳಿಗೆ ಲುಟೀಷಿಯಂ-177 ಕೂಡಿಸಿ ಕೀಲಿಗೆ ಕೊಡುವ ಔಷಧ ರೂಪಿಸಿದ್ದಾರೆ. ಹೈಡ್ರಾಕ್ಸಿಅಪಟೈಟ್ ಅಂದರೆ ನಮ್ಮ ಮೂಳೆಯ ಖನಿಜವೇ. ಲುಟೀಷಿಯಂನ ಬೀಟಾ 2 ಮಿ.ಮೀ.ಗಿಂತ ಆಚೆ ಹೋಗೋದಿಲ್ಲ, ಹೆಚ್ಚಿನ ಶಕ್ತಿ ಮೊದಲ ಅರ್ಧ ಮಿ.ಮೀ.ನಲ್ಲೇ ಖರ್ಚು. ಜೊತೆಗೆ ಸ್ವಲ್ಪ ಗಾಮಾ ಇರುವುದರಿಂದ ಸ್ಕ್ಯಾನ್ ಚಿತ್ರ ಚೆನ್ನಾಗಿ ಬರುತ್ತದೆ.

ಆದರೆ ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ. 333 ಮೆಗಾಬೆಕೆರೆಲ್ ಲುಟೀಷಿಯಂ ಕೊಟ್ಟರೆ ಒಟ್ಟು ಶಕ್ತಿ 6.5 ಜೂಲ್, ಯಿಟ್ರಿಯಂಗಿಂತ ಕಡಿಮೆಯೇ. ಅದೆಲ್ಲ ಅರ್ಧ ಮಿ.ಮೀ.ನೊಳಗೆ ಮುಗಿಯಬೇಕಲ್ಲ? ಹಾಗಾಗಿ ಔಷಧ ಕಾರ್ಟಿಲೇಜಿಗೆ ತಾಗಿದ ಜಾಗದಲ್ಲಿ ಮೊದಲ ಅರ್ಧ ಮಿ.ಮೀ.ಗೆ 200 ಗ್ರೇ ದಾಟುತ್ತದೆ. ಯಿಟ್ರಿಯಂ ಅದೇ ಅರ್ಧ ಮಿ.ಮೀ.ಗೆ ಕೊಡೋದು ಸುಮಾರು 120. ನಡುವೆ 1 ಮಿ.ಮೀ. ದ್ರವ ಇದ್ದರೆ ಲುಟೀಷಿಯಂನಿಂದ ಕಾರ್ಟಿಲೇಜಿಗೆ ಬೀಳೋದು ಇಲ್ಲವೇ ಇಲ್ಲ ಅನ್ನುವಷ್ಟು. ಅಂದರೆ ಹತ್ತಿರ ನಿಲ್ಲುವ ಕಿರಣಕ್ಕೆ ಎರಡೇ ಸ್ಥಿತಿ: ತಾಗಿದರೆ ತುಂಬ, ತಾಗದಿದ್ದರೆ ಸೊನ್ನೆ. ಕಾರ್ಟಿಲೇಜಿನ ಮೇಲ್ಪದರದ ಜೀವಕೋಶಗಳು ಚಪ್ಪಟೆಯಾಗಿ, ಒತ್ತೊತ್ತಾಗಿ ಇರುತ್ತವೆ. ಜಾರುವ ನುಣುಪು ಉಳಿಯೋದು ಆ ಪದರ ಚೆನ್ನಾಗಿದ್ದರೆ.

ಈ ಹುಡುಗನ ವಿಷಯದಲ್ಲಿ ನಿರ್ಧಾರ ಮಾಡಿದ್ದು ಬೇರೆಯೇ ಸಂಗತಿ. ಪೊರೆ 4–5 ಮಿ.ಮೀ. ದಪ್ಪ. ಲುಟೀಷಿಯಂ ಅದರ ಮೇಲ್ಮೈಯನ್ನು ಮಾತ್ರ ಒಣಗಿಸುತ್ತದೆ, ಆಳದಲ್ಲಿರುವ ನಾಳಗಳಿಗೆ ತಲುಪುವುದಿಲ್ಲ. ಕಾರ್ಟಿಲೇಜಿಗೆ ಡೋಸ್ ಉಳಿಸಿ ರಕ್ತ ನಿಲ್ಲದೇ ಹೋದರೆ ಆ ಉಳಿತಾಯ ಯಾರಿಗೆ ಬೇಕು? ಯಿಟ್ರಿಯಂ ಅಂತಲೇ ಡಾಕ್ಟರು ಹೇಳಿದರು. ನನ್ನ ಲೆಕ್ಕವೂ ಅದನ್ನೇ ಹೇಳುತ್ತಿತ್ತು.

ಪಿ-32, ಅಂದರೆ ರಂಜಕ, ಕೂಡ ಚರ್ಚೆಗೆ ಬಂತು. ಅದರ ಅರ್ಧಾಯುಷ್ಯ 14.3 ದಿನ. ಉತ್ತರ ಅಮೆರಿಕದಲ್ಲಿ ಅದನ್ನು ಪಡೆದಿದ್ದ ಇಬ್ಬರು ಹಿಮೋಫಿಲಿಯಾ ಮಕ್ಕಳಿಗೆ ಮುಂದೆ ರಕ್ತದ ಕ್ಯಾನ್ಸರ್ ಬಂದದ್ದು ವರದಿಯಾಗಿತ್ತು. ಕಾರಣ ಅದೇ ಅಂತ ಸಾಬೀತಾಗಲಿಲ್ಲ. ಆದರೂ ಮನೆಯವರಿಗೆ ಇದನ್ನು ಹೇಳಲೇಬೇಕಿತ್ತು, ಹೇಳಿದೆವು.

ಕಾರ್ಟಿಲೇಜ್ ಎಷ್ಟು ತಾಳುತ್ತದೆ?

ಅಂಕಿ ಸಿಕ್ಕ ಮೇಲೆ ಅದರ ಅರ್ಥ ಏನು ಅನ್ನೋದು ಉಳಿಯುತ್ತದೆ. ಕಾರ್ಟಿಲೇಜಿನಲ್ಲಿ ರಕ್ತನಾಳ ಇಲ್ಲ, ನರ ಇಲ್ಲ. ಊಟ ಉಪಚಾರ ಎಲ್ಲ ಕೀಲಿನ ದ್ರವದಿಂದ. ದೊಡ್ಡವರಲ್ಲಿ ಅದರ ಜೀವಕೋಶಗಳು ವಿಭಜನೆ ಆಗೋದೇ ಅಪರೂಪ. ವಿಕಿರಣ ಮುಖ್ಯವಾಗಿ ಹೊಡೆಯೋದು ವಿಭಜನೆ ಆಗುವ ಕೋಶಗಳನ್ನು. ಅದಕ್ಕೇ ಬೆಳೆದವರ ಕಾರ್ಟಿಲೇಜ್ ತಾಳಿಕೊಳ್ಳುವ ಜಾತಿಗೆ ಸೇರಿದ್ದು. ಮಕ್ಕಳ ಮೂಳೆಯ ತುದಿಯಲ್ಲಿರುವ ಬೆಳೆಯುವ ಪಟ್ಟಿಯ ವಿಷಯ ಪೂರ್ತಿ ಬೇರೆ. ಅಲ್ಲಿ ಕೋಶಗಳು ಬಿಡುವಿಲ್ಲದೆ ವಿಭಜನೆ ಆಗುತ್ತಿರುತ್ತವೆ. ಹನ್ನೆರಡು ವರ್ಷದ ಹುಡುಗನಾಗಿದ್ದರೆ ಇದೇ 185 ಮೆಗಾಬೆಕೆರೆಲ್ಲಿಗೆ ನಾನು ಹೀಗೆ ಸಲೀಸಾಗಿ ಲೆಕ್ಕ ಬರೆದು ಕೊಡುತ್ತಿರಲಿಲ್ಲ.

ವೇಗವೂ ಮುಖ್ಯ. ಕ್ಯಾನ್ಸರಿಗೆ ಹೊರಗಿನಿಂದ ವಿಕಿರಣ ಕೊಡುವಾಗ 2 ಗ್ರೇ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಇಲ್ಲಿ 90 ಗ್ರೇ ಲೆಕ್ಕದಲ್ಲೂ ಶುರುವಿನಲ್ಲಿ ಗಂಟೆಗೆ ಸುಮಾರು 1 ಗ್ರೇ, ಆಮೇಲೆ ಇಳಿಯುತ್ತಾ ಹೋಗುತ್ತದೆ. ವಾರದಲ್ಲಿ ಶೇಕಡಾ 84 ಮುಗಿದಿರುತ್ತದೆ. ನಿಧಾನವಾಗಿ ಬಿದ್ದ ಪೆಟ್ಟನ್ನು ಕೋಶಗಳು ನಡುನಡುವೆ ಸರಿಮಾಡಿಕೊಳ್ಳುತ್ತವೆ.

ನನಗೆ ಮುಖ್ಯ ಅನಿಸಿದ್ದು ಇನ್ನೊಂದು. ಸೋರಿದ ರಕ್ತ ಕಾರ್ಟಿಲೇಜನ್ನು ಹಾಳುಮಾಡೋದು ಹೇಗೆ ಅಂದರೆ, ಕೆಂಪುಕಣದ ಕಬ್ಬಿಣ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿ ಹೈಡ್ರಾಕ್ಸಿಲ್ ರಾಡಿಕಲ್ ಹುಟ್ಟಿಸುತ್ತದೆ. ಅದು ಕಾರ್ಟಿಲೇಜಿನ ಕೋಶವನ್ನು ಕೊಲ್ಲುತ್ತದೆ. ಬೀಟಾ ಕಿರಣ ಮಾಡೋದೂ ಬಹುಪಾಲು ಇದೇ: ನೀರನ್ನು ಒಡೆದು ಹೈಡ್ರಾಕ್ಸಿಲ್ ರಾಡಿಕಲ್ ಹುಟ್ಟಿಸೋದು. ಕೊಲ್ಲುವವನು ಒಬ್ಬನೇ, ಬರುವ ದಾರಿ ಎರಡು. ಒಂದು ದಾರಿಯಲ್ಲಿ ಎರಡು ವಾರ ಬಂದು ಹೋಗುತ್ತಾನೆ. ಇನ್ನೊಂದರಲ್ಲಿ ತಿಂಗಳಿಗೆ ಎರಡು ಸಲ, ಜೀವನಪೂರ್ತಿ. ಡೋಸ್ ಲೆಕ್ಕವನ್ನು ಸೊನ್ನೆಯ ಎದುರು ಇಟ್ಟು ನೋಡಿದರೆ 40 ಗ್ರೇ ಭಯಂಕರವೇ. ಆದರೆ ಈ ಮಂಡಿಗೆ ಸೊನ್ನೆ ಅನ್ನೋ ಆಯ್ಕೆ ಇರಲೇ ಇಲ್ಲ.

ಮಾವನಿಗೆ ಈ ಮಾತು ಒಪ್ಪಿಗೆಯಾಯಿತು. ಹುಡುಗನ ಅಮ್ಮ ಅಷ್ಟು ಹೊತ್ತು ಸುಮ್ಮನೆ ಕೂತಿದ್ದವರು ಆಗ ಕೇಳಿದರು: “ಡಾಕ್ಟ್ರೆ, ಇವ ಗಜನಿಗೆ ಇಳಿಯೂಕೆ ಆಗ್ತದ್ಯಾ?” ಅವರ ಮನೆಯವರಿಗೆ ಗಜನಿ, ಅಂದರೆ ಅಳಿವೆಯ ಉಪ್ಪುನೀರಿನ ಗದ್ದೆ ಇದೆ, ಇಳಿತದ ಹೊತ್ತಿಗೆ ಹೊಳೆಯಲ್ಲಿ ಬಳಚು (ಚಿಪ್ಪಿನ ಜೀವಿ) ಆರಿಸುವುದೂ ಇದೆ. ಕೆಸರಿನಲ್ಲಿ ಮಂಡಿ ಮಡಿಸಿ ಕೂರುವ ಕೆಲಸ. “ಅಕ್ಕಾ, ಅದು ಬೇಡ” ಅಂದೆ. ಚಿಕಿತ್ಸೆ ಆದರೂ ಬೇಡ, ಆಗದಿದ್ದರೂ ಬೇಡ. ರಕ್ತ ನಿಂತರೆ ಅಂಗಡಿ ಕೆಲಸಕ್ಕೆ ತೊಂದರೆ ಇಲ್ಲ.

ಕೊಟ್ಟ ದಿನ, ಸ್ಕ್ಯಾನ್ ಆದ ಮೇಲೆ

ಮೊದಲು ಫ್ಯಾಕ್ಟರ್ 8 ಕೊಟ್ಟು ಮಟ್ಟ ಏರಿಸಿದರು. ಅಲ್ಟ್ರಾಸೌಂಡ್ ನೋಡುತ್ತಾ ಸೂಜಿ ಹಾಕಿ, ಕಂದು ಬಣ್ಣದ ದ್ರವ ತೆಗೆದು, ಔಷಧ ಬಿಟ್ಟರು. ನಿಜವಾದ ಅಪಾಯ ಇರೋದು ಈ ಹಂತದಲ್ಲೇ. ಸೂಜಿ ಕೀಲಿನೊಳಗೆ ಸರಿಯಾಗಿ ಇಲ್ಲದಿದ್ದರೆ, ಅಥವಾ ಹೊರಗೆಳೆಯುವಾಗ ಒಂದು ಹನಿ ಚರ್ಮದ ಕೆಳಗೆ ಉಳಿದರೆ ಅಲ್ಲಿ ಮಾಯದ ಹುಣ್ಣಾಗಬಹುದು. ಅದಕ್ಕೆ ಸ್ಟೀರಾಯ್ಡ್, ಸಲೈನ್ ಬಿಡುತ್ತಾ ಸೂಜಿ ತೊಳೆದುಕೊಂಡೇ ಹೊರಗೆ ತಂದರು. ಮಂಡಿಯನ್ನು ಒಂದೆರಡು ಸಲ ಮಡಿಸಿ ಬಿಡಿಸಿ, ಸ್ಪ್ಲಿಂಟ್ ಕಟ್ಟಿ, 48 ಗಂಟೆ ಅಲುಗಾಡದಂತೆ ಮಲಗಿಸಿದರು. ಅಲುಗಾಡಿದರೆ ಕಣಗಳು ಹಾಲುರಸನಾಳ (ಲಿಂಫ್ ನಾಳ) ಹಿಡಿದು ತೊಡೆಸಂದಿನ ಗಂಟಿಗೆ ಹೋಗುವ ಸಾಧ್ಯತೆ ಹೆಚ್ಚು.

ಯಿಟ್ರಿಯಂಗೆ ಸ್ಕ್ಯಾನ್ ಮಾಡಲು ಅನುಕೂಲವಾದ ಗಾಮಾ ಇಲ್ಲ. ಬೀಟಾಗಳು ಮೈಯೊಳಗೆ ತಡೆದು ನಿಲ್ಲುವಾಗ ಹುಟ್ಟುವ ಎಕ್ಸ್‌ರೇಯಿಂದಲೇ ಚಿತ್ರ ತೆಗೆಯಬೇಕು. ಚಿತ್ರ ಮಸುಕು. ಮಿ.ಮೀ. ಲೆಕ್ಕಕ್ಕೆ ಅದರಿಂದ ಉತ್ತರ ಸಿಗೋದಿಲ್ಲ. ಆದರೆ ಎರಡು ವಿಷಯ ಸ್ಪಷ್ಟವಾಗಿತ್ತು. ತೊಡೆಸಂದಿನಲ್ಲಿ ಏನೂ ಕಾಣಲಿಲ್ಲ. ಮಂಡಿಯೊಳಗೆ ಔಷಧ ಸಮನಾಗಿ ಹರಡಿರಲಿಲ್ಲ.

ಎಣಿಕೆಯ ಹೆಚ್ಚುಕಡಿಮೆ ಅರ್ಧ ಮಂಡಿಚಿಪ್ಪಿನ ಮೇಲಿನ ಚೀಲದಿಂದಲೇ ಬರುತ್ತಿತ್ತು. ಪೊರೆ ದಪ್ಪ ಇದ್ದದ್ದೂ ಅಲ್ಲೇ, ಹಾಗಾಗಿ ಚಿಕಿತ್ಸೆಗೆ ಒಳ್ಳೆಯದೇ. ನನ್ನ ಲೆಕ್ಕದಲ್ಲಿ ಆ ಚೀಲ ಇಡೀ ಪೊರೆಯ ಮೂರನೇ ಒಂದು ಭಾಗ. ಮೂರನೇ ಒಂದರ ಜಾಗದಲ್ಲಿ ಅರ್ಧ ಔಷಧ ಅಂದರೆ ಅಲ್ಲಿಗೆ ಒಂದೂವರೆ ಪಟ್ಟು, ಉಳಿದ ಕಡೆ ಮುಕ್ಕಾಲು. ಅಂಕಿಗಳನ್ನು ಮತ್ತೆ ಬರೆದೆ. ಚೀಲಕ್ಕೆ ಎದುರಾಗುವ ತೊಡೆಮೂಳೆಯ ಮುಂಭಾಗದ ಕಾರ್ಟಿಲೇಜಿನ ಮೇಲ್ಪದರಕ್ಕೆ 1 ಮಿ.ಮೀ. ದ್ರವದ ಲೆಕ್ಕದಲ್ಲಿ 60 ಗ್ರೇ, ದ್ರವ ಇಲ್ಲವೇ ಇಲ್ಲ ಅಂದುಕೊಂಡರೆ 135. ಪಕ್ಕದ ಅಂಚುಗಳಿಗೆ ಕ್ರಮವಾಗಿ 30 ಮತ್ತು 70ರ ಹತ್ತಿರ. ಭಾರ ಹೊರುವ ನಡುಭಾಗಕ್ಕೆ ಒಂದೆರಡು. ರಿಪೋರ್ಟಿನಲ್ಲಿ ಸರಾಸರಿ ಬರೆಯಲಿಲ್ಲ. ಮೂರು ಜಾಗ, ಮೂರು ಸಾಲು, ಪ್ರತಿಯೊಂದರ ಮುಂದೆ ಯಾವ ಊಹೆ ಅಂತ. ಮುಂದೆ ಯಾರಾದರೂ ಇದೇ ಮಂಡಿಗೆ ಎರಡನೇ ಸಲ ಕೊಡಬೇಕು ಅಂದರೆ, ಕೂಡಿಸಲು ಅವರಿಗೆ ಬೇಕಾಗೋದು ಆ ಮೂರು ಸಾಲು. ಎರಡನೇ ಸಲಕ್ಕೆ ಆರು ತಿಂಗಳಾದರೂ ಅಂತರ ಇರಬೇಕು.

ಮೊದಲ ವಾರ ಮಂಡಿ ಸ್ವಲ್ಪ ಊದಿತ್ತು, ಅದು ನಿರೀಕ್ಷೆ ಮಾಡಿದ್ದೇ. ಆಮೇಲಿನ ಆರು ತಿಂಗಳಲ್ಲಿ ಒಂದೇ ಸಲ ರಕ್ತ ಸೋರಿತು, ಬೈಕಿನಿಂದ ಬಿದ್ದಾಗ. ವರ್ಷದ ಎಂಆರ್‌ಐಯಲ್ಲಿ ಪೊರೆ 2 ಮಿ.ಮೀ.ಗೆ ಇಳಿದಿತ್ತು. ತೊಡೆಮೂಳೆಯ ಮುಂಭಾಗದ ಕಾರ್ಟಿಲೇಜ್, ಅಂದರೆ ಅತಿ ಹೆಚ್ಚು ಡೋಸ್ ಬಿದ್ದ ಜಾಗ, ಮೊದಲಿನಷ್ಟೇ ದಪ್ಪ. ಒಳಬದಿಯ ಭಾರ ಹೊರುವ ಜಾಗದಲ್ಲಿ ಸವೆತ ಒಂದು ಎಳೆ ಜಾಸ್ತಿಯಾಗಿತ್ತು. ಡೋಸ್ ಅತಿ ಕಡಿಮೆ ಬಿದ್ದದ್ದು ಅಲ್ಲೇ. ಹಳೆಯ ರಕ್ತದ ಹಾನಿ ಮುಂದುವರಿದಿದೆ ಅಂತ ಡಾಕ್ಟರ ಅಭಿಪ್ರಾಯ, ನನ್ನದೂ ಅದೇ. ಆದರೆ ಒಂದು ಮಂಡಿ, ಒಂದು ವರ್ಷ. ಇದರಿಂದ ಯಿಟ್ರಿಯಂ ಕಾರ್ಟಿಲೇಜಿಗೆ ಏನೂ ಮಾಡೋದಿಲ್ಲ ಅಂತ ಹೇಳಲು ಬರೋದಿಲ್ಲ.

ಈಗ ಅವನ ಎಡಗಾಲಿನ ಹರಡಿನ ಕೀಲು ತೊಂದರೆ ಕೊಡುತ್ತಿದೆ. “ಅದಕ್ಕೂ ಅದನ್ನೇ ಕೊಡಿ ಸರ್” ಅಂತ ಮಾವ ಫೋನ್ ಮಾಡಿದ್ದರು. ಆಗೋದಿಲ್ಲ. ಹರಡಿನಲ್ಲಿ ಚರ್ಮ ಕೀಲಿಗೆ ತೀರ ಹತ್ತಿರ, ಯಿಟ್ರಿಯಂನ 11 ಮಿ.ಮೀ. ಅಲ್ಲಿಗೆ ಜಾಸ್ತಿಯಾಯಿತು. ಅಂಥ ಕೀಲಿಗೆ ರೇನಿಯಂ-186 ಬಳಸುವುದು ರೂಢಿ, ಅದರ ಬೀಟಾ 4 ಮಿ.ಮೀ. ಒಳಗೇ ನಿಲ್ಲುತ್ತದೆ. ಹರಡಿನ ಕಾರ್ಟಿಲೇಜ್ ಮಂಡಿಯದ್ದಕ್ಕಿಂತ ತೆಳು. ಮೊದಲು ಎಂಆರ್‌ಐ ಆಗಲಿ, ಪೊರೆ ಎಷ್ಟು ದಪ್ಪ ಇದೆ ಅಂತ ನೋಡಿ ಲೆಕ್ಕ ಹಾಕೋಣ ಅಂದಿದ್ದೇನೆ.